ಫ್ರಾನ್ಸಿಗೆ ಹೋಗಿ ಐಫೆಲ್ ಟವರ್ ನೋಡಲಿಲ್ವಾ?

ವಾಪಸ್ ಬಂದಾಗಿನಿಂದ ಎಲ್ಲರದ್ದೂ ಇದೇ ಪ್ರಶ್ನೆ. ಇಲ್ಲ, ನೋಡಲಿಲ್ಲ. ಪ್ಯಾರಿಸ್ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಫ್ರಾನ್ಸಿನ ದಕ್ಷಿಣದ ಟುಲೂಸ್ ನಗರದಲ್ಲಿರುವ ತಂಗಿಯ ಮನೆಯವರ ಜೊತೆ ಜುಲೈನಲ್ಲಿ ದೋರ್ದೋನ್ ನದಿ ಕಡೆಯ ಒಂದು ಹಳ್ಳಿಗೆ ಹೋಗಿ, ಸುಮ್ನೆ ಇದ್ದು ಬಂದೆವು.

ಇಳಿದುಕೊಂಡಿದ್ದು 'ಜೀತ್'ನಲ್ಲಿ. ಹಳೇ ಕಲ್ಲಿನ ಮನೆಯನ್ನೋ ಕೊಟ್ಟಿಗೆಯನ್ನೋ ರಿಪೇರಿ ಮಾಡಿಸಿ, ಅಡುಗೆಮನೆ ಸಮೇತ ಬಾಡಿಗೆಗೆ ಕೊಡುತ್ತಾರೆ. ನಮ್ಮ ಕೊಡಗಿನ ಹೋಂಸ್ಟೇ ಥರ ಅಲ್ಲ, ಬೇಯಿಸಿಕೊಳ್ಳುವುದು ನಾವೇ. 1950ರ ದಶಕದಲ್ಲಿ, ಹಳ್ಳಿಗಳು ಖಾಲಿಯಾಗುತ್ತಿದ್ದಾಗ ಶುರುವಾದ ಏರ್ಪಾಡಂತೆ. ರೈತರಿಗೆ ನಾಲ್ಕು ಕಾಸು, ಪಟ್ಟಣದವರಿಗೆ ಕೈಗೆಟುಕುವ ರಜೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುವುದು. ಒಂದು ರಾತ್ರಿ ಇದ್ದು ಓಡುತ್ತೇವೆ ಅಂದರೆ ನಡೆಯಲ್ಲ.

ಗೋಡೆ ಮೊಳಕ್ಕಿಂತ ದಪ್ಪ. ಬಿಸಿಲು ಏರುತ್ತಿದ್ದ ಹಾಗೆ ತಂಗಿ ಮರದ ಕಿಟಕಿ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತಾ ಬರುತ್ತಿದ್ದಳು. ಎಸಿ ಇಲ್ಲ, ಫ್ಯಾನೂ ಇಲ್ಲ. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ನೆಲ ತಣ್ಣಗೆ. ಸಂಜೆ ಮತ್ತೆ ಎಲ್ಲ ತೆಗೆಯುವುದು. ಸಂಜೆ ಅಂದೆ, ಆದರೆ ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ.

ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿ ಬಾಗಿಲು ಬಿದ್ದರೆ ಮತ್ತೆ ತೆಗೆಯುವುದು ಎರಡೂವರೆ, ಮೂರಕ್ಕೆ. ನಮ್ಮವರು ಹಾಲು ತರಲು ಹೋಗಿ ಗೊಣಗುತ್ತಾ ವಾಪಸ್ ಬಂದರು. ಆಮೇಲೆ ಅವರೇ ಊಟ ಮುಗಿಸಿ ನಿದ್ದೆ ಹೊಡೆಯಲು ಶುರು ಮಾಡಿದರು, ಆ ಮಾತು ಬೇರೆ!

ಸಸ್ಯಾಹಾರಿಗಳಿಗೆ ಹೋಟೆಲ್ ಊಟ ಕಷ್ಟ. ಎಲ್ಲಿ ನೋಡಿದರೂ ಬಾತುಕೋಳಿ. ಆಲೂಗಡ್ಡೆಯನ್ನೂ ಅದರ ಕೊಬ್ಬಿನಲ್ಲೇ ಹುರಿಯುತ್ತಾರೆ. ಆದರೆ ಅಲ್ಲಿನ ಸಾರ್ಲಾ ಪಟ್ಟಣದ ಸಂತೆ ಇದೆಯಲ್ಲ, ಬುಧವಾರ, ಶನಿವಾರ ನಡೆಯುತ್ತದೆ. ಟೊಮೆಟೊ, ಮೇಕೆ ಹಾಲಿನ ಚೀಸ್, ಅಕ್ರೋಟಿನ ಎಣ್ಣೆ. ಆ ಎಣ್ಣೆಯನ್ನು ಸೌತೆಕಾಯಿ ಕೋಸಂಬರಿಗೆ ಹಾಕಿಕೊಂಡು ತಿಂದೆವು. ಒಗ್ಗರಣೆಯ ನೆನಪೇ ಬರಲಿಲ್ಲ.

ಹತ್ತಿರದಲ್ಲೇ ಲಾಸ್ಕೋ ಗುಹೆ. ಆದಿಮಾನವರು ಬಿಡಿಸಿದ ಚಿತ್ರಗಳನ್ನು ಕಾಪಾಡಲು 1963ರಿಂದ ಅದನ್ನು ಮುಚ್ಚಿದ್ದಾರೆ. ಜನ ನೋಡುವುದು ನಕಲನ್ನು. ಹೋಗೋಣವಾ ಅಂದರೆ ಮಕ್ಕಳು ಹೊಳೆಗೆ ಹೋಗೋಣ ಅಂದರು. ಹೊಳೆಗೇ ಹೋದೆವು.

'ಫ್ರೆಂಚರು ಸೋಮಾರಿಗಳು' ಅನ್ನುವವರಿಗೆ ಒಂದು ಮಾತು. ಅವರಿಗೆ ಸಿಗುವ ಉದ್ದನೆಯ ರಜೆ ಯಾರೋ ದಾನ ಕೊಟ್ಟಿದ್ದಲ್ಲ. 1936ರಲ್ಲಿ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕೂತು ಮುಷ್ಕರ ಹೂಡಿದರು. ಆಗಿನ ಪ್ರಧಾನಿ ಲಿಯೋಂ ಬ್ಲೂಮ್ ಸರ್ಕಾರ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು.

'ಹತ್ತು ದಿನ, ಏಳು ದೇಶ' ಅಂತ ಬಸ್ಸಿನಲ್ಲಿ ಓಡುವ ನಮ್ಮ ದೇಶದವರನ್ನು ನೋಡಿ ನಾನೂ ನಗುತ್ತಿದ್ದೆ. ಈಗ ನಗಲ್ಲ. ಸಿಗುವ ರಜೆಯೇ ಅಷ್ಟು, ಅದರಲ್ಲೇ ಎಲ್ಲ ತುರುಕಬೇಕು ಅಲ್ವಾ? ನಮ್ಮವರು ಈ ಸಲ ಎರಡು ವಾರ ಒಟ್ಟಿಗೆ ರಜೆ ಕೇಳಿದ್ದಕ್ಕೆ ಆಫೀಸಿನಲ್ಲಿ ಬಂದ ಮೊದಲ ಪ್ರಶ್ನೆ: "ಯಾಕೆ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"