ಆರು ಮೂಲೆಯ ಚಿತ್ರ, ನೂರೆಂಟು ತಲೆನೋವು

ಆಫೀಸಿನಲ್ಲಿ ಅಂಕಿಅಂಶ ಕೇಳುವವರಲ್ಲಿ ಎರಡು ಬಗೆ. ಅಂಕಿ ಬೇಕಾದವರು ಒಂದು ಬಗೆ, ಸ್ಲೈಡ್ ಬೇಕಾದವರು ಇನ್ನೊಂದು. ಮೊದಲ ಬಗೆಯವರ ಕೈಗೆ ನಾಲ್ಕು ಸಾಲಿನ ಟೇಬಲ್ ಇಟ್ಟರೆ ಸಾಕು, ಸುಮ್ಮನಾಗುತ್ತಾರೆ. ಎರಡನೆಯವರು ಟೇಬಲನ್ನು ಎಂಜಲು ತಟ್ಟೆ ನೋಡಿದ ಹಾಗೆ ನೋಡಿ, "ಇದಲ್ಲ ರೀ, ಆ ಜೇಡರಬಲೆ ಥರ ಇರುತ್ತಲ್ಲ, ಅದು ಹಾಕಿ" ಅನ್ನುತ್ತಾರೆ. ನಮ್ಮ ಮ್ಯಾನೇಜರು ಅಪ್ಪಟ ಎರಡನೆಯ ಬಗೆ.

ಜೇಡರಬಲೆ ಅಂದರೆ ರೇಡಾರ್ ಚಾರ್ಟ್: ನಡುವಿನಿಂದ ಬಾಬತ್ತಿಗೊಂದರಂತೆ ಕಡ್ಡಿಗಳು ಹೊರಡುತ್ತವೆ, ಪ್ರತಿ ಕಡ್ಡಿಯ ಮೇಲೆ ಅದರ ಅಂಕಿಗೊಂದು ಚುಕ್ಕೆ, ಚುಕ್ಕೆಗಳನ್ನು ಗೆರೆಯಲ್ಲಿ ಸೇರಿಸಿದರೆ ಬಲೆ. ಅದು ಎಲ್ಲಿದೆ ಎಂದು ಹುಡುಕುವುದೇ ಮೊದಲ ಪರೀಕ್ಷೆ. ಎಕ್ಸೆಲ್‌ನ ಇನ್‌ಸರ್ಟ್ ಟ್ಯಾಬಿನಲ್ಲಿ ಕಾಲಮ್, ಲೈನ್, ಪೈಗಳಿಗೆಲ್ಲ ಸ್ವಂತ ಗುಂಡಿ ಉಂಟು. ರೇಡಾರ್ ಮಾತ್ರ ವಾಟರ್‌ಫಾಲ್, ಸ್ಟಾಕ್, ಸರ್ಫೇಸ್‌ಗಳ ಜೊತೆ ಒಂದೇ ಗುಂಡಿಯ ಹಿಂದೆ ಬಾಡಿಗೆಗಿದೆ. ಗೂಗಲ್ ಶೀಟ್ಸ್‌ನಲ್ಲಿ ಅದು 'ಅದರ್' ಎಂಬ ಪಟ್ಟಿಯಲ್ಲಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ರೇಡಾರ್ ಎಂದು ಕಣ್ಣಾಡಿಸಿದರೆ ಸಂಜೆಯಾದರೂ ಸಿಗುವುದಿಲ್ಲ, ಅಲ್ಲಿ ಅದರ ಹೆಸರು 'ನೆಟ್'. ತಂತ್ರಾಂಶ ಬರೆದವರೇ ಇದನ್ನು ಹಿಂದಿನ ಬೆಂಚಿಗೆ ಕಳಿಸಿದ್ದಾರೆಂದರೆ ಏನೋ ಕಾರಣ ಇರಬೇಕು ಎಂಬುದು ನನ್ನ ಗುಮಾನಿ. ಹಾಗಂತ ಇದು ನಿನ್ನೆ ಮೊನ್ನೆಯ ಶೋಕಿಯೂ ಅಲ್ಲ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಗೇಯೋರ್ಗ್ ಫಾನ್ ಮಾಯರ್ 1877ರಲ್ಲೇ ತನ್ನ ಪುಸ್ತಕದಲ್ಲಿ ಇಂಥ ಚಿತ್ರ ಬಿಡಿಸಿದ್ದ. ಆ ಕಾಲಕ್ಕೆ ಚಾರ್ಟಿನ ಅಳತೆ ತಿದ್ದುವ 'ಫಾರ್ಮ್ಯಾಟ್ ಆಕ್ಸಿಸ್' ಎಂಬ ಕಿಟಕಿ ಇರಲಿಲ್ಲ. ಪುಣ್ಯವಂತ.

ನನಗೆ ಬಂದ ಪಟ್ಟಿಯಲ್ಲಿ ನಾಲ್ಕು ತಂಡ, ಒಂದೊಂದಕ್ಕೂ ಆರು ಬಾಬತ್ತು. ಗ್ರಾಹಕರ ತೃಪ್ತಿ 5ಕ್ಕೆ ಇಷ್ಟು ಅಂತ. ಗಡುವಿನೊಳಗೆ ಮುಗಿದ ಕೆಲಸ ಶೇಕಡಾ ಲೆಕ್ಕದಲ್ಲಿ. ಉತ್ತರ ಕೊಡಲು ಹಿಡಿದ ಸಮಯ ನಿಮಿಷಗಳಲ್ಲಿ. ದೂರುಗಳು ಬರೀ ಎಣಿಕೆಯಲ್ಲಿ. ಉಳಿದೆರಡು ಏನೆಂದು ಪಟ್ಟಿ ಮಾಡಿದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲವನ್ನೂ ಆಯ್ದು ಚಾರ್ಟ್ ಹಾಕಿದೆ. ಈ ಚಾರ್ಟಿಗೆ ಎಷ್ಟೇ ಕಡ್ಡಿಗಳಿದ್ದರೂ ಅಳತೆಗೋಲು ಒಂದೇ. 92 ಪರ್ಸೆಂಟು ಅಂಚಿಗೆ ಹೋಗಿ ಕೂತಿತು; 5ಕ್ಕೆ 4.3 ತೆಗೆದ ಪಾಪದ ತೃಪ್ತಿ ನಡುಮಧ್ಯದ ಚುಕ್ಕೆಗೆ ಅಂಟಿಕೊಂಡಿತು. ಗಾಳಿಗೆ ಮಗುಚಿಕೊಂಡ ಕೊಡೆಯ ಹಾಗಿತ್ತು ಚಿತ್ರ.

ಅದಕ್ಕಿರುವ ಮದ್ದು ಎಲ್ಲವನ್ನೂ ಒಂದೇ ಅಳತೆಗೆ, ಅಂದರೆ ಸೊನ್ನೆಯಿಂದ 10ಕ್ಕೆ ಇಳಿಸುವುದು. ಇಳಿಸಿದೆ. ಆದರೆ ದೂರುಗಳ ಕಡ್ಡಿ ಬೇರೆಯೇ ರಾಗ ತೆಗೆಯಿತು. ದೂರು ಹೆಚ್ಚಾದಷ್ಟೂ ಚುಕ್ಕೆ ಹೊರಗೆ ಹೋಗುತ್ತದೆ, ಬಲೆ ಅತ್ತ ಉಬ್ಬುತ್ತದೆ. ಕರಡು ನೋಡಿದ ದೊಡ್ಡವರೊಬ್ಬರು ಸರಿಯಾಗಿ ಅಲ್ಲಿಗೇ ಬೆರಳಿಟ್ಟು, "ಈ ಕಡೆ ಒಳ್ಳೇ ಪ್ರಗತಿ ಕಾಣ್ತಿದೆ" ಎಂದರು. ಪಕ್ಕದಲ್ಲಿದ್ದವರೆಲ್ಲ ತಲೆಯಾಡಿಸಿದರು. ಕಡಿಮೆಯಿದ್ದರೆ ಒಳ್ಳೆಯದು ಎನ್ನುವಂಥ ಅಂಕಿಯನ್ನು ಹತ್ತರಿಂದ ಕಳೆದು ತಿರುಗಿಸಿ ಹಾಕಬೇಕು. ತಿರುಗಿಸಿ ಹಾಕಿದ ಮೇಲೆ ದೂರುಗಳ ಕಡ್ಡಿ ಒಳಕ್ಕೆ ಕುಸಿಯಿತು. "ಮೊನ್ನೆ ಇದ್ದ ಪ್ರಗತಿ ಎಲ್ಲಿ ಹೋಯ್ತು?" ಎಂಬ ಪ್ರಶ್ನೆ ಬಂತು. ಉತ್ತರ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಹೆಸರುಗಳದ್ದು ಇನ್ನೊಂದು ಪುರಾಣ. 'ಗ್ರಾಹಕರ ಅಹವಾಲುಗಳಿಗೆ ಸಕಾಲದಲ್ಲಿ ಸ್ಪಂದಿಸುವಿಕೆಯ ಪ್ರಮಾಣ' ಎಂದು ಒಂದು ಕಡ್ಡಿಯ ಹೆಸರು. ಹೆಸರು ಉದ್ದವಾದಷ್ಟೂ ಅದಕ್ಕೆ ಜಾಗ ಬಿಡಲು ಬಲೆ ಚಿಕ್ಕದಾಗುತ್ತಾ ಹೋಗುತ್ತದೆ; ಕೊನೆಗೆ ಸ್ಲೈಡ್ ತುಂಬ ಅಕ್ಷರ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಚಿತ್ರ. ಸೆಲ್‌ನಲ್ಲಿ ಆಲ್ಟ್ ಹಿಡಿದು ಎಂಟರ್ ಒತ್ತಿ ಸಾಲು ಮುರಿದರೆ ಸ್ವಲ್ಪ ಉಸಿರಾಡುತ್ತದೆ. ಹೆಸರನ್ನೇ 'ಸ್ಪಂದನೆ' ಎಂದು ಕತ್ತರಿಸಿದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಮೂರು ಜನರ ಒಪ್ಪಿಗೆ ಬೇಕಂತೆ. ಅಳತೆಯ 2, 4, 6, 8ಗಳೋ, ಗಡಿಯಾರದ 12ರ ಕಡೆಗೆ ನಿಂತ ಕಡ್ಡಿಯ ಮೇಲೇ ಸಾಲಾಗಿ ಕೂತು ಅಲ್ಲಿನ ಚುಕ್ಕೆಯನ್ನು ಮುಚ್ಚುತ್ತವೆ. ಕೋಪದಲ್ಲಿ ಅಕ್ಷವನ್ನೇ ಡಿಲೀಟ್ ಮಾಡಬೇಡಿ. ಅದೇ ಫಾರ್ಮ್ಯಾಟ್ ಆಕ್ಸಿಸ್ ಕಿಟಕಿಯ 'ಲೇಬಲ್ ಪೊಸಿಷನ್' ಎಂಬಲ್ಲಿ 'ನನ್' (None) ಆರಿಸಿ, ಅಂಕಿ ಮಾತ್ರ ಮಾಯವಾಗುತ್ತದೆ. ಅಂಕಿಗಳೆಲ್ಲ ಒಂದಕ್ಕೊಂದು ಹತ್ತಿರವಿದ್ದರೆ ಅಳತೆ ಸೊನ್ನೆಯಿಂದಲೇ ಶುರುವಾಗುತ್ತದೆಂಬ ಖಾತ್ರಿಯೂ ಇಲ್ಲ. 'ಮಿನಿಮಮ್' ಎಂಬಲ್ಲಿ ಸೊನ್ನೆಯನ್ನು ನಾವೇ ಬರೆಯಬೇಕು, ಇಲ್ಲದಿದ್ದರೆ 8.6 ತೆಗೆದವನು 8.9 ತೆಗೆದವನ ಮುಂದೆ ದಿವಾಳಿಯಾದಂತೆ ಕಾಣುತ್ತಾನೆ.

ಮ್ಯಾನೇಜರಿಗೆ ಬಣ್ಣವೂ ಬೇಕಾಗಿತ್ತು. ಬರೀ ಗೆರೆ, ಚುಕ್ಕೆಯಿರುವ ಗೆರೆ, ಬಣ್ಣ ತುಂಬಿದ್ದು ಎಂದು ಮೂರು ನಮೂನೆ ಸಿಗುತ್ತವೆ. ತುಂಬಿದ್ದೇ ಆಗಬೇಕು ಎಂದರು. ತುಂಬಿದರೆ ಕೊನೆಯಲ್ಲಿ ಬಂದ ತಂಡ ಮೊದಲಿನವರನ್ನೆಲ್ಲ ಮುಚ್ಚಿ ಮಲಗುತ್ತದೆ. ಬಣ್ಣವನ್ನು ಅರೆಪಾರದರ್ಶಕ ಮಾಡಿದರೆ ನಾಲ್ಕು ತಂಡ ಸೇರಿ ಒಂದೇ ಕೆಸರು. "ಚೆನ್ನಾಗಿ ಬ್ಲೆಂಡ್ ಆಗಿದೆ" ಎಂದರು. ಯಾರದು ಯಾವುದು ಎಂದು ಯಾರೂ ಕೇಳಲಿಲ್ಲ. ಅರ್ಥವಾಗದ ಚಿತ್ರವನ್ನು ಯಾರೂ ಪ್ರಶ್ನಿಸುವುದಿಲ್ಲ, ರೇಡಾರ್ ಚಾರ್ಟಿನ ಜನಪ್ರಿಯತೆಯ ಗುಟ್ಟು ಇಷ್ಟೇ ಎಂದು ನನಗೆ ಖಾತ್ರಿಯಾಗಿದ್ದು ಆವತ್ತು. (ಇನ್ನೊಂದು ವಿಭಾಗದವರು ಎರಡೇ ಬಾಬತ್ತಿಗೆ ರೇಡಾರ್ ಕೇಳಿದ್ದರು. ಒಂದು ನೆಟ್ಟಗಿನ ಗೆರೆ ಬಂತು. ಅದನ್ನೂ ಸ್ಲೈಡಿಗೆ ಹಾಕಿದರು.)

ಕಡೆಗೊಂದು ಸಲ ಇವರಿಗೆ ಇದರ ಮೋಸ ತೋರಿಸಿಯೇ ಬಿಡೋಣ ಎನಿಸಿತು. ನೋಡುವವರ ಕಣ್ಣು ಕಡ್ಡಿಗಳ ಉದ್ದ ಓದುವುದಿಲ್ಲ, ಬಲೆ ಎಷ್ಟು ಜಾಗ ಹಿಡಿದಿದೆ ಎಂದು ನೋಡುತ್ತದೆ. ಆ ಜಾಗವೋ, ಪಕ್ಕಪಕ್ಕದ ಅಂಕಿಗಳನ್ನು (ಸುತ್ತು ಬಂದು ಕೊನೆಯದಕ್ಕೆ ಮೊದಲನೆಯದೂ ಪಕ್ಕವೇ) ಗುಣಿಸಿ ಕೂಡಿದ ಮೊತ್ತದ ಲೆಕ್ಕದಲ್ಲಿ ಹಿಗ್ಗುತ್ತದೆ. ಹಾಗಾಗಿ ಮೂರು 10, ಮೂರು 2 ಇಟ್ಟುಕೊಂಡು ಎರಡು ಚಾರ್ಟ್ ಮಾಡಿದೆ. ಮೊದಲನೆಯದರಲ್ಲಿ 10, 2, 10, 2 ಎಂದು ಬಿಟ್ಟು ಬಿಟ್ಟು ಜೋಡಿಸಿದೆ, ಮೊತ್ತ 120. ಎರಡನೆಯದರಲ್ಲಿ ಹತ್ತುಗಳೆಲ್ಲ ಒಟ್ಟಿಗೆ, ಎರಡುಗಳೆಲ್ಲ ಒಟ್ಟಿಗೆ, ಮೊತ್ತ 248. ಅವೇ ಆರು ಅಂಕಿ, ಅದೇ ಸರಾಸರಿ, ಬಲೆ ಮಾತ್ರ ಎರಡರಷ್ಟಕ್ಕಿಂತ ದೊಡ್ಡದು. ಎರಡನ್ನೂ ಅಕ್ಕಪಕ್ಕ ಇಟ್ಟು ಮ್ಯಾನೇಜರನ್ನು ಕರೆದೆ. ಇನ್ನು ಮೇಲೆ ಇವರು ಕಾಲಮ್ ಚಾರ್ಟಿಗೆ ಒಪ್ಪಿಯಾರು ಎಂಬ ಆಸೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಂಕಿ ಏನೂ ಬದಲಾಯಿಸಿಲ್ಲ ತಾನೇ?"

"ಇಲ್ಲ ಸರ್. ಸಾಲುಗಳ ಕ್ರಮ ಮಾತ್ರ."

"ಆಡಿಟ್‌ನವರು ಕೇಳಿದರೂ ತೊಂದರೆ ಇಲ್ಲ?"

"ಇಲ್ಲ ಸರ್, ಅಂಕಿ ಅವೇ."

"ಹಾಗಾದ್ರೆ ನಮ್ಮ ತಂಡಕ್ಕೆ ಈ ಎರಡನೇದು ಹಾಕಿ," ಎಂದು ಎದ್ದರು. ಬಾಗಿಲ ತನಕ ಹೋದವರು ತಿರುಗಿ, "ಪಕ್ಕದ ತಂಡಕ್ಕೆ ಆ ಮೊದಲಿನದೇ ಇರಲಿ" ಎಂದರು.