ಅರ್ಧ ಇಳಿಸಿದ ಷಟರ್

2019ರ ಡಿಸೆಂಬರ್ ಮೊದಲ ವಾರ. ಊಟ ಮುಗಿಸಿಕೊಂಡು ಅಂಗಡಿಗೆ ವಾಪಸ್ ಬಂದರೆ ಷಟರ್ ಅರ್ಧ ಇಳಿದಿತ್ತು. ಎದೆ ಧಸಕ್ ಅಂತು. ಗಲ್ಲಾದಲ್ಲಿ ಭಾಯ್‌ನನ್ನು ಕೂರಿಸಿ ಹೋಗಿದ್ದೆ. ಬಗ್ಗಿ ಇಣುಕಿದರೆ ಆಸಾಮಿ ಸ್ಟೂಲ್ ಮೇಲೆ ಕೂತು ಬೀದಿ ನೋಡುತ್ತಿದ್ದಾನೆ. ಅರ್ಧ ಷಟರ್ ಕೆಳಗಿಂದ ಬೀದಿಯಲ್ಲಿ ಏನು ಕಾಣುತ್ತೆ? ಬರೀ ಕಾಲುಗಳು.

ಮದುವೆ ಸೀಸನ್ ಬೇರೆ. ಎರಡು ಪಾರ್ಟಿ ಬಂದು ಅಂಗಡಿ ಮುಚ್ಚಿದೆ ಅಂತ ಹೋದರು ಎಂದು ಎದುರಿನ ಅಂಗಡಿಯವರು ಹೇಳಿದರು. ನಾನು ಸರಿಯಾಗಿ ರೇಗಿದೆ. ಭಾಯ್ ಗಾಬರಿಯಾಗಿ ಎದ್ದು ನಿಂತ. ತಾನು ಷಟರ್ ಎಳೆದದ್ದೇ ಅವನ ಗಮನಕ್ಕೆ ಬಂದಿರಲಿಲ್ಲ. "ಕೈಗೆ ಅಭ್ಯಾಸ ಆಗಿಬಿಟ್ಟಿದೆ ಭೈಯಾ," ಅಂದ. ಆಮೇಲೆ ಮೆಲ್ಲಗೆ, "ಕಾಲು ನೋಡ್ತಾ ಇರಬೇಕು. ನಡೆಯೋ ಕಾಲಾದ್ರೆ ಗಿರಾಕಿ. ಓಡೋ ಕಾಲಾದ್ರೆ ಪೂರ್ತಿ ಇಳಿಸಬೇಕು."

ಈ ಭಾಯ್ ಕಾಶ್ಮೀರದ ಶಾಲು ವ್ಯಾಪಾರಿ. ದೀಪಾವಳಿ ಮುಗಿಯುತ್ತಿದ್ದಂತೆ ದಾವಣಗೆರೆಗೆ ಬರುತ್ತಾನೆ, ಶಿವರಾತ್ರಿ ಹೊತ್ತಿಗೆ ಊರಿಗೆ. ಅರ್ಧ ಮಾಲು ನಮ್ಮ ಬಟ್ಟೆ ಅಂಗಡಿಯಲ್ಲಿ ಇಡುತ್ತಾನೆ, ಉಳಿದರ್ಧ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು ಮನೆ ಮನೆ ಸುತ್ತುತ್ತಾನೆ. ಶ್ರೀನಗರದ ಹಳೇ ಊರಿನಲ್ಲಿ ಅವನೂ ಅವನ ಅಣ್ಣನೂ ಸೇರಿ ನಡೆಸುವ ಪುಟ್ಟ ಅಂಗಡಿ ಇದೆ. ನಮ್ಮಮ್ಮನ ಹತ್ತಿರ "ಅಮ್ಮಾ, ಚಾ ಕೊಡ್ರಿ" ಅನ್ನುವಷ್ಟು ಕನ್ನಡ ಬರುತ್ತದೆ. ಅವನ ಹೆಸರು ಇಲ್ಲಿ ಬರೆಯಲ್ಲ. ಯಾಕೆ ಅನ್ನೋದು ಮುಂದೆ ಓದಿದರೆ ಗೊತ್ತಾಗುತ್ತೆ.

ಆ ವರ್ಷ ಆಗಸ್ಟ್ 5ರಂದು 370ನೇ ವಿಧಿಯ ತೀರ್ಮಾನ ಬಂತಲ್ಲ, ಅವತ್ತಿಂದ ಕಾಶ್ಮೀರದಲ್ಲಿ ಫೋನ್, ಇಂಟರ್ನೆಟ್ ಎಲ್ಲ ಬಂದ್. ಅವನ ಫೋನೂ ಸತ್ತಿತ್ತು. ಕಣಿವೆಯಲ್ಲಿ ಪೋಸ್ಟ್‌ಪೇಯ್ಡ್ ಮೊಬೈಲ್‌ಗಳಿಗೆ ಜೀವ ಬಂದಿದ್ದು ಅಕ್ಟೋಬರ್ ಮಧ್ಯದಲ್ಲಿ. ಇವನದು ಪ್ರೀಪೇಯ್ಡ್. ನಾನೂ ನಾಲ್ಕಾರು ಸಲ ಟ್ರೈ ಮಾಡಿ ಬಿಟ್ಟೆ. ಹಿಂದಿನ ಸೀಸನ್ ಬಾಕಿ ಹದಿನೆಂಟು ಸಾವಿರ ಕೊಡೋದಿತ್ತು. ಅವನ ಬ್ಯಾಂಕ್ ಖಾತೆ ನಂಬರ್ ನಮ್ಮ ಪುಸ್ತಕದಲ್ಲೇ ಇತ್ತು. ಹಾಕಲಿಲ್ಲ. ಕೇಳುವವರು ಇಲ್ಲ ಅಂದರೆ ಕೊಡುವ ಕೈಯೂ ಬರಲ್ಲ ನೋಡಿ. ಇದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳ್ತಿದ್ದೀನಿ.

ಅಲ್ಲಿನ ವ್ಯಾಪಾರಿಯ ಪಾಡು ಒಮ್ಮೆ ಲೆಕ್ಕ ಹಾಕಿ. 2014ರ ಸೆಪ್ಟೆಂಬರ್‌ನಲ್ಲಿ ಪ್ರವಾಹ ಬಂದು ಲಾಲ್ ಚೌಕದ ಅಂಗಡಿಗಳೆಲ್ಲ ನೀರಲ್ಲಿ ಮುಳುಗಿದವು. ಅದರಿಂದ ಎದ್ದು ಸಾಲ ತೀರಿಸುವಷ್ಟರಲ್ಲಿ 2016. ಆ ಜುಲೈಯಿಂದ ತಿಂಗಳುಗಟ್ಟಲೆ ಕರ್ಫ್ಯೂ, ಹರತಾಳ. ಯಾವ ದಿನ ಎಷ್ಟು ಗಂಟೆಗೆ ಅಂಗಡಿ ತೆಗೀಬಹುದು ಅಂತ ಪ್ರತ್ಯೇಕತಾವಾದಿಗಳು ವಾರ ವಾರ ಕ್ಯಾಲೆಂಡರ್ ಹೊರಡಿಸುತ್ತಿದ್ದರು. ನಿಮ್ಮ ಅಂಗಡಿಯ ಟೈಮನ್ನು ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಅವರು, ಇಬ್ಬರೂ ಸೇರಿ ಗೊತ್ತು ಮಾಡೋದು. ಆಮೇಲೆ 2019. ಅದರ ಬೆನ್ನಿಗೇ ಕೊರೊನಾ. 4ಜಿ ವಾಪಸ್ ಬಂದಿದ್ದು 2021ರ ಫೆಬ್ರವರಿಗೆ. 2019ರ ಬಂದ್‌ನ ಮೊದಲ 120 ದಿನದಲ್ಲೇ 17,878 ಕೋಟಿ ರೂಪಾಯಿ ನಷ್ಟ ಅಂತ ಕಾಶ್ಮೀರದ ವಾಣಿಜ್ಯ ಮಂಡಳಿ ಲೆಕ್ಕ ಕೊಟ್ಟಿತು. ಕೋಟಿ ಲೆಕ್ಕ ನನಗೆ ಸರಿಯಾಗಿ ಅರ್ಥ ಆಗಲ್ಲ. ನನಗೆ ಅರ್ಥ ಆಗಿದ್ದು ಭಾಯ್ ಹೇಳಿದ ಬನಿಹಾಲ್ ರೈಲಿನ ಕತೆ. 2019ರ ನವೆಂಬರ್‌ನಲ್ಲಿ, ನಿಂತಿದ್ದ ರೈಲು ಮತ್ತೆ ಶುರುವಾದ ಮೇಲೆ, ಜನ ಶ್ರೀನಗರದಿಂದ ರೈಲು ಹತ್ತಿ ಸುರಂಗ ದಾಟಿ ಬನಿಹಾಲ್‌ಗೆ ಹೋಗುತ್ತಿದ್ದರು. ಯಾಕೆ? ಅಲ್ಲಿ ಇಂಟರ್ನೆಟ್ ಸಿಗುತ್ತಿತ್ತು. ಜಿಎಸ್‌ಟಿ ರಿಟರ್ನ್ ತುಂಬೋಕೆ, ಒಂದು ಇಮೇಲ್ ನೋಡೋಕೆ ಇಡೀ ದಿನ ಖರ್ಚು. ವ್ಯಾಪಾರ ಸೊನ್ನೆ ಅಂತ ರಿಟರ್ನ್ ಹಾಕೋಕೂ ರೈಲು ಟಿಕೆಟ್ ತಗೋಬೇಕು!

ಅಂಗಡಿ ತೆಗೆದರೂ ಭಯ. 2019ರ ಆಗಸ್ಟ್ ಕೊನೆಯಲ್ಲಿ ಶ್ರೀನಗರದ ಪರಿಂಪೊರದಲ್ಲಿ ವಯಸ್ಸಾದ ಅಂಗಡಿಯವರೊಬ್ಬರನ್ನು ಗುಂಡಿಟ್ಟು ಕೊಂದರು. 2021ರ ಅಕ್ಟೋಬರ್‌ನಲ್ಲಿ ಶ್ರೀನಗರದ ಹೆಸರಾಂತ ಔಷಧ ಅಂಗಡಿ ಮಾಲೀಕರೊಬ್ಬರನ್ನು, ಕಾಶ್ಮೀರಿ ಪಂಡಿತರು ಅವರು, ಅಂಗಡಿಯಲ್ಲೇ ಕೊಂದರು. ಅದೇ ಸಂಜೆ ಬಿಹಾರದಿಂದ ಬಂದು ಬೀದಿಬದಿ ಚಾಟ್ಸ್ ಮಾರುತ್ತಿದ್ದ ಒಬ್ಬನನ್ನೂ. ಸಂಘರ್ಷ ಅಂದ ಕೂಡಲೇ ನಮಗೆ ಸೈನಿಕ, ಉಗ್ರ ಕಣ್ಣಿಗೆ ಬರುತ್ತಾರೆ. ಗಲ್ಲಾದ ಹಿಂದೆ ಕೂತವನು ಬರಲ್ಲ. ಆದರೆ ದಿನಾ ಬೆಳಿಗ್ಗೆ ಬೀದಿಗೆ ಮುಖ ಕೊಟ್ಟು ಕೂರುವವನು ಅವನೇ.

2015ರಲ್ಲಿ ಎಂಎಸ್‌ಎಫ್ ಅನ್ನುವ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆ, ಕಾಶ್ಮೀರ ವಿಶ್ವವಿದ್ಯಾಲಯ ಮತ್ತು ಶ್ರೀನಗರದ ಮಾನಸಿಕ ಆರೋಗ್ಯ ಸಂಸ್ಥೆ ಇಮ್ಹಾನ್ಸ್ ಸೇರಿ ಕಣಿವೆಯಲ್ಲಿ ಒಂದು ಸಮೀಕ್ಷೆ ಮಾಡಿದ್ದವು. ದೊಡ್ಡವರಲ್ಲಿ ಶೇ 45ರಷ್ಟು ಜನರಿಗೆ, ಅಂದರೆ ಸುಮಾರು 18 ಲಕ್ಷ ಮಂದಿಗೆ, ಗಂಭೀರವಾದ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ಇದು 2016ಕ್ಕೂ ಮುಂಚಿನ ಮಾತು ಅನ್ನೋದು ನೆನಪಿರಲಿ.

"ಹಾಗಾದ್ರೆ ಡಾಕ್ಟರ್ ಹತ್ರ ಹೋಗಬಹುದಲ್ಲ" ಅಂತ ಷಟರ್ ಎಳೆದಿದ್ದ ಆ ದಿನ ನಾನೂ ಕೇಳಿದೆ. ಭಾಯ್ ನಕ್ಕ. "ನಾನು ಆ ಆಸ್ಪತ್ರೆ ಗೇಟ್ ಒಳಗೆ ಹೋಗಿದ್ದನ್ನು ಒಬ್ಬ ನೋಡಿದರೂ ಸಾಕು ಭೈಯಾ, ಸಂಜೆಯೊಳಗೆ ನನಗೆ ಮಾಲು ಕೊಡುವವರು ನಿಲ್ಲಿಸುತ್ತಾರೆ."

ನಾಚಿಕೆ, ಮರ್ಯಾದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಇದು ಅಷ್ಟೇ ಅಲ್ಲ. ಸಂಬಳದವರು ಮನಸ್ಸಿಗೆ ಹುಷಾರಿಲ್ಲ ಅಂದರೆ ಆಫೀಸಿನಲ್ಲಿ ನಾಲ್ಕು ಜನ ಮಾತಾಡಿಕೊಳ್ಳಬಹುದು. ಸಂಬಳವಂತೂ ಬರುತ್ತೆ. ವ್ಯಾಪಾರಿ ಹಾಗೆ ಹೇಳಿದರೆ ಅವನ ಉದ್ರಿ ನಿಲ್ಲುತ್ತೆ. ಹೋಲ್‌ಸೇಲ್‌ನವರು ನಮಗೆ ಮಾಲು ಕೊಡೋದು ನಮ್ಮ ಮುಖ ನೋಡಿ. 'ಇವನು ಗಟ್ಟಿ ಇದ್ದಾನೆ, ಎರಡು ತಿಂಗಳಿಗೆ ದುಡ್ಡು ಬರುತ್ತೆ' ಅನ್ನುವ ನಂಬಿಕೆ ಮೇಲೆ. ಮುಖ ಸಪ್ಪಗಾಯಿತೋ, ಬಂಡವಾಳ ಹೋಯಿತು. ಅದಕ್ಕೇ ನಾವು ಚೆನ್ನಾಗಿದ್ದೀವಿ ಅಂತ ನಟಿಸೋದು. ಅದೂ ನಮ್ಮ ವ್ಯಾಪಾರದ ಒಂದು ಭಾಗ.

ಇದು ನನಗೆ ಪೂರ್ತಿ ತಿಳಿದದ್ದು 2021ರಲ್ಲಿ, ನನ್ನ ಪಾಲಿಗೇ ಬಂದಾಗ. ಕೊರೊನಾ ಎರಡನೇ ಅಲೆ. ಮದುವೆ ಸೀಸನ್‌ಗೆ ಅಂತ ಸಾಲ ಮಾಡಿ ತುಂಬಿಸಿದ್ದ ಸೀರೆ ಬಂಡಲ್ ಬಿಚ್ಚದೆ ಹಾಗೇ ಇತ್ತು. ರಾತ್ರಿ ಮೂರಕ್ಕೆ ಎಚ್ಚರ. ಎದ್ದು ಗಲ್ಲಾಪೆಟ್ಟಿಗೆಯ ನೋಟು ಎಣಿಸುತ್ತಿದ್ದೆ. ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದೆ. ಸಾಲದ ಕಂಪನಿಯ ಹುಡುಗ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡುತ್ತಿದ್ದ. "ನಿಮ್ಮ ಅಪ್ಪನ ನಂಬರ್ ಇದೆ ನಮ್ಮ ಹತ್ರ" ಅಂದಿದ್ದ ಒಂದು ದಿನ. ಎಂದೂ ಕೈ ನಡುಗದ ನನಗೆ ಮೀಟರ್ ಹಿಡಿದು ಬಟ್ಟೆ ಅಳೆಯೋಕೆ ಆಗುತ್ತಿರಲಿಲ್ಲ. ಹೆಂಡತಿ ಗಮನಿಸಿದಳು, ಬಚಾವಾದೆ. ಇಷ್ಟೆಲ್ಲ ಆಗಿದ್ದು ದಾವಣಗೆರೆಯಲ್ಲಿ. ಗುಂಡಿನ ಸದ್ದಿಲ್ಲ, ಫೋನ್ ಇದೆ, ಅಣ್ಣತಮ್ಮಂದಿರು ಇದ್ದಾರೆ. ಇವು ಯಾವುದೂ ಇಲ್ಲದಿದ್ದರೆ?

ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಎನ್‌ಸಿಆರ್‌ಬಿಯ 2020ರ ವರದಿ ಪ್ರಕಾರ ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ವ್ಯಾಪಾರಸ್ಥರು 11,716. ರೈತರು, ಕೃಷಿ ಕೂಲಿಯವರು ಸೇರಿ 10,677. ರಾಜ್ಯವಾರು ನೋಡಿದರೆ ವ್ಯಾಪಾರಸ್ಥರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಕರ್ನಾಟಕದ್ದು, 1,772. ರೈತರ ಬಗ್ಗೆ ಮಾತಾಡಬಾರದು ಅಂತಲ್ಲ. ಅಂಗಡಿಯವರ ಬಗ್ಗೆ ಯಾರೂ ಮಾತಾಡಲ್ಲ ಅಂತ ಅಷ್ಟೇ. ಅಂಗಡಿ ಇದೆ ಅಂದ ಮೇಲೆ ಅನುಕೂಲಸ್ಥ ಅಂತ ಜನರ ಲೆಕ್ಕ.

ಏನೂ ವ್ಯವಸ್ಥೆ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದನ್ನು ದೇಶಕ್ಕೆಲ್ಲ ಮುನ್ನಡೆಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಶ್ರೀನಗರದ ಇಮ್ಹಾನ್ಸ್‌ನಲ್ಲೂ ಕೇಂದ್ರ ಇದೆ. ದುಡ್ಡು ಕೊಡಬೇಕಿಲ್ಲ, ಹೆಸರು ಹೇಳಬೇಕಿಲ್ಲ, ಯಾವ ಗೇಟಿನ ಮುಂದೆಯೂ ನಿಲ್ಲಬೇಕಿಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಆದರೆ ಒಂದು ಮಾತು. 2019ರ ಆಗಸ್ಟ್‌ನಂತೆ ಮತ್ತೊಮ್ಮೆ ಫೋನೇ ಕಟ್ ಆದರೆ ಈ ನಂಬರ್ ತಗೊಂಡು ಏನು ಮಾಡೋದು? ಯಾವಾಗ ಜಾಸ್ತಿ ಬೇಕೋ ಆವಾಗಲೇ ಸಿಗಲ್ಲ. 2023ರ ಮೇ ತಿಂಗಳಿಂದ ಮಣಿಪುರದಲ್ಲೂ ತಿಂಗಳುಗಟ್ಟಲೆ ಇಂಟರ್ನೆಟ್ ಇರಲಿಲ್ಲ ಅಲ್ವಾ?

ಅದಕ್ಕೇ ನನಗನ್ನಿಸೋದು, ಬೀದಿಯಲ್ಲೇ ಒಬ್ಬ ಮನುಷ್ಯ ಇರಬೇಕು. ಡಾಕ್ಟರೇ ಆಗಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯದ್ದೇ 'ಪ್ರಾಬ್ಲೆಮ್ ಮ್ಯಾನೇಜ್‌ಮೆಂಟ್ ಪ್ಲಸ್' ಅಂತ ಒಂದು ಪದ್ಧತಿ ಇದೆ. ಐದು ವಾರ, ವಾರಕ್ಕೊಂದು ಸಲ ಕೂತು ಮಾತು. ಮಾಡಿಸುವವರು ಡಾಕ್ಟರಲ್ಲ, ತರಬೇತಿ ತಗೊಂಡ ಸಾಮಾನ್ಯ ಜನ. ಪಾಕಿಸ್ತಾನದ ಪೇಶಾವರದಲ್ಲಿ, ಹಿಂಸೆ ಕಂಡ ಊರದು, ಮಾಡಿ ನೋಡಿದರು. ಜನರ ಆತಂಕವೂ ಇಳಿಯಿತು, ಖಿನ್ನತೆಯೂ ಇಳಿಯಿತು.

ಅದರಲ್ಲಿ ಏನು ಮಾಡಿಸುತ್ತಾರೆ ಅಂತ ಓದಿದಾಗ ನನಗೆ ಖುಷಿ ಆಯಿತು. ಮೊದಲು ಉಸಿರಾಟ ನಿಧಾನ ಮಾಡೋದು. ಆಮೇಲೆ ಇರುವ ತಾಪತ್ರಯಗಳನ್ನೆಲ್ಲ ಹೇಳಿಸಿ ಮೂರು ಗುಂಪು ಮಾಡೋದು. ಪರಿಹಾರ ಇರುವಂಥವು, ನಮ್ಮ ಕೈಯಲ್ಲಿ ಇಲ್ಲದವು, ತಲೆ ಕೆಡಿಸಿಕೊಳ್ಳಬೇಕಿಲ್ಲದವು. ಅರೆ, ಇದು ನಾವು ಪ್ರತಿ ಯುಗಾದಿಗೆ ಸ್ಟಾಕ್ ತೆಗೆಯುವಾಗ ಮಾಡೋದೇ ಅಲ್ವಾ! ಓಡುವ ಮಾಲು ಮುಂದಕ್ಕೆ, ಓಡದೇ ಇರೋದು ಅಟ್ಟಕ್ಕೆ, ಚೂರುಪಾರು ಮೂಟೆಗೆ. ಕಾಶ್ಮೀರದ ಕರ್ಫ್ಯೂ ಭಾಯ್ ಕೈಯಲ್ಲಿ ಇಲ್ಲ. ಅದು ಅಟ್ಟಕ್ಕೆ. ಕೆಲಸದವನಿಗೆ ಈ ತಿಂಗಳ ಸಂಬಳ ಹೇಗೆ ಅನ್ನೋದು ಮುಂದಿನ ರ‍್ಯಾಕಿಗೆ. ಇದನ್ನು ಬಿಳಿ ಕೋಟಿನವರು ಹೇಳಿದರೆ ನಮ್ಮವರು ಕೇಳಲ್ಲ. ವರ್ತಕರ ಸಂಘದ ಹಿರಿಯರೊಬ್ಬರು ಜಿಎಸ್‌ಟಿ ಕ್ಯಾಂಪಿನ ಮಧ್ಯೆ ಪಕ್ಕಕ್ಕೆ ಕೂರಿಸಿಕೊಂಡು ಚಹಾ ಕುಡಿಯುತ್ತಾ ಹೇಳಿದರೆ ಕೇಳುತ್ತಾರೆ. ಬಂದವನು ತೆರಿಗೆ ವಿಷಯಕ್ಕೆ ಬಂದ ಅಂತ ನೋಡಿದವರೂ ತಿಳಿದುಕೊಳ್ಳುತ್ತಾರೆ. ಉದ್ರಿಯೂ ಉಳಿಯುತ್ತೆ, ಜೀವವೂ ಉಳಿಯುತ್ತೆ.

ಮತ್ತೆ ಸಾಲ. ಉಸಿರಾಟದ ಅಭ್ಯಾಸ ಮಾಡಿಸಿ ಮನೆಗೆ ಕಳಿಸಿದ ಮೇಲೆ ಬ್ಯಾಂಕಿನ ನೋಟಿಸ್ ಬಂದರೆ ಆ ಉಸಿರು ಎಲ್ಲಿ ನಿಲ್ಲುತ್ತೆ? 90 ದಿನ ಕಂತು ತಪ್ಪಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಕಣಿವೆಯ ಬಾಗಿಲು ಮುಚ್ಚಿದ್ದು ಅದಕ್ಕಿಂತ ಜಾಸ್ತಿ ದಿನ. ನೆರೆ, ಬರ ಬಂದಾಗ ಸಾಲದ ಅವಧಿ ಮುಂದಕ್ಕೆ ಹಾಕುತ್ತಾರಲ್ಲ, ಗಲಭೆ-ಅಶಾಂತಿಯ ಜಾಗಗಳಿಗೂ ರಿಸರ್ವ್ ಬ್ಯಾಂಕ್ ಹೇಳಿದರೆ ಹಾಗೇ ಮಾಡಬಹುದು ಅಂತ ಅದರ ಮಾರ್ಗಸೂಚಿಗಳಲ್ಲೇ ಬಂದಿದೆ. 'ಹೇಳಿದರೆ' ಅನ್ನೋದನ್ನು ತೆಗೆದುಹಾಕಿ ಅನ್ನೋದು ನನ್ನ ವಾದ. ಸರ್ಕಾರ ಕರ್ಫ್ಯೂ ಹಾಕಿದ ದಿನದಿಂದ ಕಂತಿನ ಗಡಿಯಾರವೂ ತಾನಾಗೇ ನಿಲ್ಲಲಿ. ಅರ್ಜಿ ಬೇಡ, ಮ್ಯಾನೇಜರ್ ಮುಂದೆ ಕೈಕಟ್ಟಿ ನಿಲ್ಲೋದೂ ಬೇಡ. ಇದನ್ನು ನಾನು ಆರ್ಥಿಕ ಪರಿಹಾರ ಅನ್ನಲ್ಲ. ನಿದ್ದೆ ಮಾತ್ರೆ ಅಂತೀನಿ.

2025ರ ಏಪ್ರಿಲ್ 22. ಪಹಲ್ಗಾಮ್. 26 ಜೀವ ಹೋಯಿತು. ನಮ್ಮ ಪಕ್ಕದ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುವ ಅಲ್ಲಿಯದೇ ಹುಡುಗನೂ ಇದ್ದ. ಆ ವಾರ ನಮ್ಮ ಅಂಗಡಿಯಲ್ಲಿ ಮಾತೆಲ್ಲ ಅದೇ. ಗೊತ್ತಿರುವ ಗಿರಾಕಿಯೊಬ್ಬರು ರ‍್ಯಾಕಿನಲ್ಲಿದ್ದ ಶಾಲು ತೋರಿಸಿ, "ಇನ್ನೂ ಇಟ್ಕೊಂಡಿದ್ದೀರಾ ಇವನ್ನ?" ಅಂದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ಉತ್ತರ ಬಾಯಿಗೆ ಬರಲಿಲ್ಲ. ಅದೇ ದಿನಗಳಲ್ಲಿ ಮಸೂರಿಯಲ್ಲಿ ಇಬ್ಬರು ಕಾಶ್ಮೀರಿ ಶಾಲು ವ್ಯಾಪಾರಿಗಳಿಗೆ ಹೊಡೆದ ವಿಡಿಯೊ ಬಂತು. ಪೊಲೀಸರು ಹೊಡೆದವರನ್ನು ಹಿಡಿದರು, ಆದರೆ ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಊರು ಬಿಟ್ಟರು. ಅತ್ತ ಕಾಶ್ಮೀರದಲ್ಲಿ 87 ಪ್ರವಾಸಿ ತಾಣಗಳಲ್ಲಿ 48 ಮುಚ್ಚಿದರು. ಊರಲ್ಲಿ ಗಿರಾಕಿ ಇಲ್ಲ, ಹೊರಗೆ ಹೋದರೆ ಹೊಡೆತ. ಸಂಘರ್ಷದ ಪ್ರದೇಶ ಅಂತ ನಕ್ಷೆಯಲ್ಲಿ ಗೆರೆ ಎಳೆಯುತ್ತೇವೆ. ಭಾಯ್ ಮಾತ್ರ ಅದನ್ನು ಗಂಟಿನ ಜೊತೆ ಹೆಗಲ ಮೇಲೆ ಹೊತ್ತುಕೊಂಡೇ ದಾವಣಗೆರೆಗೂ ಬರುತ್ತಾನೆ. ಹೆಸರು ಬರೆಯಲ್ಲ ಅಂದೆನಲ್ಲ, ಇದಕ್ಕೇ.

ಆ ವರ್ಷ ದೀಪಾವಳಿ ಆದ ಮೇಲೆ ಫೋನ್ ಮಾಡಿದ್ದ. ಯಾವಾಗಲೂ "ಬರ್ತಾ ಇದ್ದೀನಿ, ಜಾಗ ಖಾಲಿ ಇಡಿ" ಅನ್ನುವವನು, ಈ ಸಲ "ಬರಬಹುದಾ ಭೈಯಾ?" ಅಂತ ಕೇಳಿದ. ನಾನು ತಕ್ಷಣ ಹೂಂ ಅನ್ನಲಿಲ್ಲ. ಒಂದೆರಡು ಸೆಕೆಂಡ್ ಅಷ್ಟೇ. ಅವನಿಗೆ ಗೊತ್ತಾಗಿರುತ್ತೆ. ವ್ಯಾಪಾರಿಗೆ ಎದುರಿನವರ ಮೌನದ ಉದ್ದ ಗೊತ್ತಾಗದೇ ಇರುತ್ತಾ? ಆಮೇಲೆ "ಬಾ, ಅಮ್ಮ ಕೇಳ್ತಾ ಇದ್ದಾರೆ" ಅಂದೆ. ನಿದ್ದೆ ಹೇಗಿದೆ ಅಂತ ಕೇಳಿದೆ. "ಅಂಗಡಿ ಮುಚ್ಚಿದ್ದರೂ ನಾಲ್ಕಕ್ಕೇ ಎಚ್ಚರ" ಅಂದ. 14416 ಬರೆದುಕೋ ಅಂದೆ. "ಅಲ್ಲಿ ನಮ್ಮ ಭಾಷೆ ಮಾತಾಡ್ತಾರಾ?" ಅಂತ ಕೇಳಿದ. ಶ್ರೀನಗರದಲ್ಲೇ ಕೂತು ಮಾತಾಡ್ತಾರೆ ಅಂದೆ. ಬರೆದುಕೊಂಡನೋ, ಮಾಡಿದನೋ, ನಾನು ಮತ್ತೆ ಕೇಳಿಲ್ಲ.

ಫೋನ್ ಇಟ್ಟು ಖಾತೆ ಪುಸ್ತಕ ತೆಗೆದೆ. ಅವನ ಪುಟದಲ್ಲಿ ಬಾಕಿ 6,350 ಇತ್ತು. ಅವತ್ತೇ ಕಳಿಸಿದೆ. ಹತ್ತು ನಿಮಿಷಕ್ಕೆ ವಾಟ್ಸಾಪ್ ಬಂತು. "ಭೈಯಾ, ಇದು ಯಾವ ಲೆಕ್ಕದ್ದು? ನನ್ನ ಪುಸ್ತಕದಲ್ಲಿ ಇಲ್ಲ."

ಹುಡುಕು, ಇರುತ್ತೆ ಅಂತ ಬರೆದೆ.