ಮೆತ್ತಗಿನ ಗ್ರಿಪ್ಪಿನ ಮಹಿಮೆ

ಸೈಕಲ್ ಹ್ಯಾಂಡಲ್‌ನ ರಬ್ಬರ್ ಗ್ರಿಪ್ ಹಳೆಯದಾದರೆ ಸುಮ್ನೆ ಸಾಯುವುದಿಲ್ಲ. ಅಂಟಂಟಾಗಿ ಅಂಗೈಗೆಲ್ಲ ಕರಿ ಬಳಿಯುತ್ತದೆ. ಆ ಕೈ ಮೊದಲು ಹೋಗುವುದು ಮೂಗಿಗೆ. ಸೈಕಲ್ ಇಳಿದು ಎಷ್ಟೇ ಗಂಭೀರವಾಗಿ ಮಾತಾಡಿದರೂ ಎದುರಿಗಿದ್ದವರು ನನ್ನ ಮೀಸೆಯನ್ನೇ ನೋಡುತ್ತಿದ್ದರು. ನನಗೆ ಮೀಸೆ ಇಲ್ಲ.

ಹೊಸ ಗ್ರಿಪ್ ಕೊಳ್ಳುವವರೆಲ್ಲ ಮಾಡುವುದು ಒಂದೇ ಕೆಲಸ, ಹಣ್ಣು ಆರಿಸುವ ಹಾಗೆ ಹೆಬ್ಬೆರಳಲ್ಲಿ ಒತ್ತಿ ನೋಡುವುದು. ನಾನೂ ಒತ್ತಿದೆ. ಸ್ಪಂಜಿನದು ಎಷ್ಟು ಮೆತ್ತಗಿತ್ತೆಂದರೆ, ಅದರ ಮೇಲೆ ತಲೆಯಿಟ್ಟು ಮಲಗೋಣ ಅನ್ನಿಸಿತು. ಹಾಕಿಸಿಕೊಂಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಲಗಿದ್ದು ಕಿರುಬೆರಳು. ಪಕ್ಕದ ಉಂಗುರ ಬೆರಳೂ ಅದರ ಜೊತೆ.

ಇದಕ್ಕೆ ಕಾರಣವಿದೆ. ಆ ಬೆರಳುಗಳಿಗೆ ಹೋಗುವ ನರ ಮಣಿಕಟ್ಟು ದಾಟಿ, ಅಂಗೈಯ ಹೊರಬದಿಯ ಬುಡದಲ್ಲಿ ಹಾದುಹೋಗುತ್ತದೆ. ನಾವು ಭಾರ ಹಾಕುವುದೂ ಸರಿಯಾಗಿ ಅಲ್ಲೇ. ಜಾಸ್ತಿ ಮೆತ್ತಗಿನ ಗ್ರಿಪ್ ಅಲ್ಲಿ ಅಮುಕಿಹೋಗಿ, ಒಳಗಿನ ಲೋಹದ ಕೊಳವೆಯೇ ಕೈಗೆ ಸಿಗುತ್ತದೆ. ಅಂಗೈ ಬಯಸುವುದು ಅಗಲವಾದ ಆಸರೆ. ಅದಕ್ಕೇ ಹೊರತುದಿಯಲ್ಲಿ ರೆಕ್ಕೆ ಚಾಚಿಕೊಂಡ ಗ್ರಿಪ್‌ಗಳಿರುವುದು. ಆದರೆ ರೆಕ್ಕೆಯನ್ನು ಓರೆಯಾಗಿ ಕೂರಿಸಿದರೆ ಮಣಿಕಟ್ಟು ಮಡಚಿಕೊಂಡು, ನೋವು ಬೆರಳಿಂದ ಅಲ್ಲಿಗೆ ವರ್ಗವಾಗುತ್ತದೆ ಅಷ್ಟೇ.

ಇನ್ನು ಹಾಕುವ ಪಾಡು. ನೇರ ಹ್ಯಾಂಡಲ್‌ನ ದಪ್ಪ ಸಾಮಾನ್ಯವಾಗಿ 22.2 ಮಿಲಿಮೀಟರ್. ಗ್ರಿಪ್ ಬಿಗಿಯಾಗಿ ಕೂರಬೇಕಲ್ವಾ, ಅದಕ್ಕೆ ಅದರ ತೂತು ಕೊಂಚ ಕಿರಿದು. ‘ಸೋಪು ನೀರು ಸವರಿ, ಜಾರಿಕೊಂಡು ಹೋಗುತ್ತೆ’ ಎಂದರು ಪಕ್ಕದ ಮನೆಯವರು. ಹೋಯಿತು. ಪೂರ್ತಿ ಒಣಗುವ ತನಕ ಸೈಕಲ್ ಮುಟ್ಟಬಾರದು ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಏರಿನಲ್ಲಿ ಬಲಗಡೆಯದು ಗರಗರ ತಿರುಗಿತು. ಪಕ್ಕದಲ್ಲೇ ನಡೆದು ಹೋಗುತ್ತಿದ್ದ ಹುಡುಗ, ‘ಅಂಕಲ್, ಎಕ್ಸಿಲೇಟರ್ ಕೊಡ್ತಿದೀರಾ?’ ಅಂದ. ಕೊಟ್ಟಿದ್ದಂತೂ ನಿಜ. ಬಂದದ್ದು ನೊರೆ.

ಆಮೇಲೆ ಅಲೆನ್ ಕೀಯಲ್ಲಿ, ಅಂದರೆ ಆರು ಮೂಲೆಯ ಸಣ್ಣ ಕೀಲಿಯಲ್ಲಿ, ಬಿಗಿಯುವ ಗ್ರಿಪ್ ಜೋಡಿ ತಂದೆ. ಸ್ವಲ್ಪ ದುಬಾರಿ, ಆದರೆ ಅಲ್ಲಾಡುವುದಿಲ್ಲ. ಬೇಕಾದಾಗ ಬಿಚ್ಚಿ ತಿರುಗಿಸಿಯೂ ಕೂರಿಸಬಹುದು. ಎಲ್ಲ ಸರಿಹೋಯಿತು, ಕಿರುಬೆರಳೊಂದನ್ನು ಬಿಟ್ಟು. ಅದು ಮತ್ತೆ ಜೋಮು ಹಿಡಿಯಿತು.

ಸೈಕಲ್ ರಿಪೇರಿಯವರ ಹತ್ತಿರ ಹೋಗಿ ಗ್ರಿಪ್‌ನ ಕಥೆಯನ್ನೆಲ್ಲ ಹೇಳಿದೆ. ಅವರು ಆ ಕಡೆ ನೋಡಲೇ ಇಲ್ಲ. ಸೀಟಿನ ಮೂತಿ ನೆಲ ನೋಡುತ್ತಿತ್ತು. ನಾನು ಮುಂದಕ್ಕೆ ಜಾರುತ್ತಾ, ಮೈಭಾರವನ್ನೆಲ್ಲ ಕೈ ಮೇಲೆ ಹೇರುತ್ತಿದ್ದೆ. ಅವರು ನಟ್ಟು ಸಡಿಲಿಸಿ ಸೀಟನ್ನು ಮಟ್ಟ ಮಾಡಿ, ‘ಕೈ ಸರಿಯಾಗೇ ಇದೆ ಸಾರ್, ಕೂತಿದ್ದೇ ಸರಿಯಿಲ್ಲ’ ಅಂದರು.